ಪರದೇಶ ಜಂಗಮವಾಣೀ ಮಿತವ್ಯಯ ಮೀಮಾಂಸೆ

ಅನುಬಂಧ

ಶಾಸ್ತ್ರವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ಹೇಳದಿದ್ದರೆ ಶಿಷ್ಯ ಮಂಗಳಶ್ಲೋಕ ಮುಗಿಯುವಷ್ಟರಲ್ಲಿ ಎದ್ದು ಹೋಗುತ್ತಾನೆ. ವಿಷಯ: ಊರಲ್ಲಿ ಬಳಸುವ ಅದೇ ಫೋನನ್ನು, ಅದೇ ನಂಬರಿನೊಡನೆ, ಸೈಟು ಮಾರದೆ ಪರದೇಶದಲ್ಲಿ ಬಳಸುವುದು. ಪ್ರಯೋಜನ: ಇಹದಲ್ಲಿ ಉಳಿತಾಯ, ಅಳಿಯನೆದುರು ಮರ್ಯಾದೆ. ಸಂಬಂಧ: ಫೋನಿಗೂ ಬಿಲ್ಲಿಗೂ ಇರುವ ಜನಕ-ಜನ್ಯ ಭಾವ. ಅಧಿಕಾರಿ ಯಾರೆಂದರೆ, ಮಗಳ ಬಾಣಂತನಕ್ಕೆಂದು ಚಟ್ನಿಪುಡಿ ಕಟ್ಟಿಕೊಂಡು ನ್ಯೂಜೆರ್ಸಿಗೆ ಹೊರಟ ದಂಪತಿ. ಬಸ್ಸಿನ ಕಿಟಕಿಯಲ್ಲೇ ಯುರೋಪನ್ನು ಮುಗಿಸಲಿರುವ ನಿವೃತ್ತರು. ದುಬೈಗೆ ಮೊದಲ ಸಲ ಹೊರಟ ಮಂಗಳೂರಿನ ಹುಡುಗ. ಕಂಪನಿ ಖರ್ಚಿನಲ್ಲಿ ಹೋಗುವವರಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ. ಬಿಲ್ಲನ್ನು ಬೇರೆಯವರು ಕಟ್ಟುವಾಗ ಜಿಜ್ಞಾಸೆ ಹುಟ್ಟುವುದಾದರೂ ಹೇಗೆ?

ಮುಂದೆ ಬರುವ ಸೂತ್ರಗಳನ್ನು ಪ್ರಾಚೀನರು ಮರೆತಿದ್ದರಿಂದ ನಾನೇ ರಚಿಸಿಕೊಂಡಿದ್ದೇನೆ.

ಬಿಲ್ಲಿನ ಉತ್ಪತ್ತಿ

ಸೂತ್ರ: ಮೌನಾದಪಿ ಬಿಲ್ಲೋದ್ಭವಃ.

ಮಾತಾಡಿದರೆ ಬಿಲ್ಲು ಎಂಬುದು ಪಾಮರರ ನಂಬಿಕೆ. ಸುಮ್ಮನಿದ್ದರೂ ಬಿಲ್ಲು ಎಂಬುದು ಪಂಡಿತರ ಅನುಭವ. ಇದರ ಮೂಲ ಹುಡುಕಿದರೆ 1987ರ ಸೆಪ್ಟೆಂಬರ್ 7ಕ್ಕೆ ಹೋಗಬೇಕಾಗುತ್ತದೆ. ಅಂದು ಕೋಪನ್‌ಹೇಗನ್‌ನಲ್ಲಿ 13 ದೇಶಗಳ ಪ್ರತಿನಿಧಿಗಳು ಜಿಎಸ್ಎಂ ಎಂಬ ಒಂದೇ ಮೊಬೈಲ್ ಪದ್ಧತಿಗೆ ಒಪ್ಪಿ ಸಹಿ ಹಾಕಿದರು. 1992ರಲ್ಲಿ ಟೆಲಿಕಾಂ ಫಿನ್‌ಲ್ಯಾಂಡ್ ಮತ್ತು ಬ್ರಿಟನ್ನಿನ ವೊಡಾಫೋನ್ ನಡುವೆ ಮೊದಲ ಅಂತಾರಾಷ್ಟ್ರೀಯ ರೋಮಿಂಗ್ ಒಪ್ಪಂದವಾಯಿತು. ಫೋನು ಗಡಿ ದಾಟಿತು. ಬಿಲ್ಲೂ ಬೆನ್ನಿಗೇ ದಾಟಿತು.

ದಾಟುವ ವಿಧಾನ ಬಹಳ ಸಾಂಪ್ರದಾಯಿಕವಾದದ್ದು. ವಿಮಾನ ಇಳಿದು ಫೋನ್ ಆನ್ ಮಾಡಿದ ಕೂಡಲೇ ಅದು ಹತ್ತಿರದ ಟವರಿಗೆ ಪ್ರವರ ಹೇಳಿ ನಮಸ್ಕರಿಸುತ್ತದೆ. ಸಿಮ್ಮಿನೊಳಗಿರುವ ಗುರುತಿನ ಸಂಖ್ಯೆಯ ಮೊದಲ ಮೂರು ಅಂಕಿ ಗೋತ್ರ. 404 ಅಥವಾ 405 ಎಂದರೆ ಭಾರತದವನು. ಆ ದೇಶದ ಕಂಪನಿ ಭಾರತದ ಕಂಪನಿಯನ್ನು ಕೇಳುತ್ತದೆ: ಇವನು ನಿಮ್ಮವನೇ? ಹೌದು ಎಂಬ ಉತ್ತರ ಬಂದರೆ ಅತಿಥಿಗಳ ಖಾತೆಯಲ್ಲಿ ಹೆಸರು ಬರೆದುಕೊಳ್ಳುತ್ತದೆ. ಅತಿಥಿ ದೇವರೆಂಬುದು ಇಲ್ಲಿಯೂ ಸತ್ಯ, ಹುಂಡಿಗೆ ಹಾಕುವವನೂ ದೇವರೇ ಎಂಬುದಷ್ಟೇ ವಿಶೇಷ. ಆತಿಥ್ಯದ ಲೆಕ್ಕ ಅಲ್ಲಿಂದ ನಮ್ಮ ಕಂಪನಿಗೆ ಬರುತ್ತದೆ. ನಮ್ಮ ಕಂಪನಿ ತನ್ನ ದಕ್ಷಿಣೆಯನ್ನೂ ಸೇರಿಸಿ ನಮಗೆ ಕಳಿಸುತ್ತದೆ.

ಸೂತ್ರ: ಗೃಹಂ ಗತ್ವೈವ ಪ್ರತ್ಯಾಗಮನಮ್.

ಮನೆಗೆ ಹೋಗಿಯೇ ವಾಪಸು ಬರಬೇಕು ಎಂದರ್ಥ. ನ್ಯೂಜೆರ್ಸಿಯ ಎಡಿಸನ್ನಿನ ಮನೆಯೊಂದರಲ್ಲಿ ಮಗಳು ಮಹಡಿ ಮೇಲೆ ಮಗುವಿಗೆ ಹಾಲೂಡಿಸುತ್ತಿದ್ದಾಳೆ. ಅಪ್ಪ ಕೆಳಗೆ ಸೋಫಾದಲ್ಲಿದ್ದಾರೆ. ಕೂಗಿದರೆ ಮಗು ಏಳುತ್ತದೆಂದು ಅವಳು ಅಪ್ಪನ ಭಾರತದ ನಂಬರಿಗೆ ಫೋನ್ ಮಾಡುತ್ತಾಳೆ.

“ಅಪ್ಪಾ, ಸ್ವಲ್ಪ ಬಿಸಿನೀರು ತರ್ತೀಯಾ?”

“ತಂದೆ ಕಣಮ್ಮ.”

ಈ ಬಿಸಿನೀರಿನ ಪ್ರಾರ್ಥನೆ ಎಡಿಸನ್ನಿನಿಂದ ಭಾರತಕ್ಕೆ ಹೋಗಿ, ಅಪ್ಪ ಎಲ್ಲಿದ್ದಾರೆಂದು ಖಾತೆಯಲ್ಲಿ ನೋಡಿ, ಪುನಃ ಎಡಿಸನ್ನಿಗೆ ಬಂದು ಹದಿನಾಲ್ಕು ಮೆಟ್ಟಿಲು ಇಳಿದಿರುತ್ತದೆ. ಮಗಳ ಪಾಲಿಗೆ ಅದು ವಿದೇಶಿ ಕರೆ, ಅಪ್ಪನ ಪಾಲಿಗೆ ರೋಮಿಂಗಿನ ಒಳಬರುವ ಕರೆ. ಎರಡು ಕಡೆಯೂ ಮೀಟರ್ ಓಡುತ್ತದೆ. ಡೇಟಾದ ನಡೆಯೂ ಸಾಮಾನ್ಯವಾಗಿ ಹೀಗೆಯೇ. ಎದುರು ಬೀದಿಯ ಪಿಜ್ಜಾ ಅಂಗಡಿಯ ಮೆನು ನೋಡಿದರೂ ಅದು ಭಾರತದ ಬಾಗಿಲಿನಿಂದಲೇ ಅಂತರ್ಜಾಲಕ್ಕೆ ಹೋಗಿ ಬರುತ್ತದೆ. ದೇಹ ಎಡಿಸನ್ನಿನಲ್ಲಿದ್ದು ಫೋನಿನ ಮನಸ್ಸು ಬಸವನಗುಡಿಯಲ್ಲಿದ್ದರೆ ತಗಲುವ ಹೋಗಿಬರುವ ಖರ್ಚಿಗೇ ಬಿಲ್ಲೆಂದು ಹೆಸರು.

ಮೌನದಿಂದ ಹೇಗೆ ಬಿಲ್ಲು ಎಂದರೆ, ದಾರಿ ಎರಡು. ಕರೆ ಎತ್ತದಿದ್ದಾಗ ವಾಯ್ಸ್‌ಮೇಲಿಗೋ ಮನೆಯ ನಂಬರಿಗೋ ಹೋಗಲಿ ಎಂದು ಫಾರ್ವರ್ಡ್ ಹಾಕಿದ್ದರೆ, ಆ ಕರೆ ಭಾರತದಿಂದ ನಿಮ್ಮನ್ನು ಹುಡುಕಿಕೊಂಡು ಬಂದು, ನೀವು ಎತ್ತದ್ದರಿಂದ ಮತ್ತೆ ಭಾರತಕ್ಕೆ ಹೋಗಬಹುದು. ಬಂದದ್ದಕ್ಕೊಂದು, ಹೋದದ್ದಕ್ಕೊಂದು ದರ. ಆಡಿದ ಮಾತು ಶೂನ್ಯ. ಎರಡನೆಯ ದಾರಿ ಡೇಟಾ. ಪ್ಯಾಕ್ ಇಲ್ಲದ ರೋಮಿಂಗ್ ಡೇಟಾವನ್ನು 10 ಕಿಲೋಬೈಟಿನ ತುಣುಕುಗಳಲ್ಲಿ ಅಳೆಯುವ ರೂಢಿಯುಂಟು. ತುಣುಕಿಗೆ 3 ರೂಪಾಯಿ ಎಂದಿಟ್ಟುಕೊಳ್ಳೋಣ. ಕಡಿಮೆಯೇ ಅಲ್ಲವೇ? ಈಗ ಗುಲಾಬಿ ಹೂ, ಕಾಫಿ ಲೋಟ, ಉದಯಿಸುವ ಸೂರ್ಯ ಇವುಗಳೊಡನೆ ಶುಭೋದಯ ಕೋರುವ ಒಂದು ಚಿತ್ರ 200 ಕಿಲೋಬೈಟ್ ಇದ್ದರೆ 60 ರೂಪಾಯಿ. ಸಂಬಂಧಿಕರ ಗುಂಪು, ವಾಕಿಂಗ್ ಗೆಳೆಯರ ಗುಂಪು, ಹಳೆ ವಿದ್ಯಾರ್ಥಿಗಳ ಗುಂಪು ಸೇರಿ 40 ಚಿತ್ರ ಬಂದರೆ ಹಲ್ಲುಜ್ಜುವ ಮೊದಲೇ 2,400 ರೂಪಾಯಿ. ಉದಯ ಶುಭವಾದದ್ದು ಯಾರಿಗೆಂದು ಬೇರೆ ಹೇಳಬೇಕಿಲ್ಲ.

ಈ ವಿಷಯದಲ್ಲಿ ನಮ್ಮ ಹಿರಿಯರಿಗೆ ಪೂರ್ವಜನ್ಮದ ಸಂಸ್ಕಾರವಿದೆ. ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಅಲ್ಲಿಂದ 2003ರವರೆಗೆ ಬಂದ ಕರೆಗೂ ನಾವೇ ಕಾಸು ಕೊಡಬೇಕಿತ್ತು. ಎರಡು ರಿಂಗಿಗೆ ‘ಬಸ್ಸು ಹತ್ತಿದೆ’, ಮೂರು ರಿಂಗಿಗೆ ‘ಅಕ್ಕಿ ಇಡು’ ಎಂಬ ಮಿಸ್ಡ್ ಕಾಲ್ ವಿದ್ಯೆ ಬಲ್ಲ ಆ ಪೀಳಿಗೆಯ ಹೆಬ್ಬೆರಳು ಪರದೇಶದಲ್ಲಿ ತಾನಾಗಿಯೇ ಕೆಂಪು ಗುಂಡಿಗೆ ಹೋಗುತ್ತದೆ. ಡೇಟಾದ ಬಗ್ಗೆ ಆ ಬೆರಳಿಗೆ ಇಂಥ ಸಂಸ್ಕಾರವಿಲ್ಲ.

ಪೂರ್ವಪಕ್ಷಗಳು

ಶೂನ್ಯವಾದಿಯ ಮತ: ಫೋನ್ ಆಫ್ ಮಾಡಿ ಸೂಟ್‌ಕೇಸಿಗೆ ಹಾಕು, ಬಿಲ್ಲು ಶೂನ್ಯ. ಇದು ಲೆಕ್ಕಕ್ಕೆ ಸರಿ, ಲೋಕಕ್ಕೆ ಸರಿಯಲ್ಲ. ಪ್ಯಾರಿಸ್ಸಿನಲ್ಲಿ ಟೂರ್ ಬಸ್ ತಪ್ಪಿದವನಿಗೆ ಶೂನ್ಯದಿಂದ ಯಾರೂ ಫೋನ್ ಮಾಡುವುದಿಲ್ಲ.

ಚಾರ್ವಾಕನ ಮತ: ಇರುವಷ್ಟು ದಿನ ಧಾರಾಳವಾಗಿ ನೋಡು, ಬಿಲ್ಲನ್ನು ಮಗ ಕಟ್ಟುತ್ತಾನೆ. ಇದಕ್ಕೆ ಉತ್ತರ ಕೊಡಬೇಕಾದವಳು ಸೊಸೆ, ಶಾಸ್ತ್ರಕಾರನಲ್ಲ.

ಅದ್ವೈತಿಯ ಮತ: ಸಿಮ್ ಒಂದೇ, ಎರಡನೆಯದಿಲ್ಲ. ಊರಿನ ಕಂಪನಿಯ ರೋಮಿಂಗ್ ಪ್ಯಾಕನ್ನು ಊರಲ್ಲೇ ಹಾಕಿಸಿಕೊಂಡು ಹೊರಡು. ವಾರದ ಪ್ರವಾಸಕ್ಕೆ ಈ ಮತದಲ್ಲಿ ನೆಮ್ಮದಿಯುಂಟು. ಆರು ತಿಂಗಳ ಬಾಣಂತನಕ್ಕೆ ಈ ಮತ ದುಬಾರಿ.

ದ್ವೈತಿಯ ಮತ: ಊರಿನ ಸಿಮ್ ಬೇರೆ, ಅಲ್ಲಿನ ಸಿಮ್ ಬೇರೆ, ಎರಡಕ್ಕೂ ಭೇದ ನಿತ್ಯ. ಅಲ್ಲಿನ ಪ್ರೀಪೇಯ್ಡ್ ಸಿಮ್ ಕೊಂಡು ಹಾಕಿಕೊ. ಸಂಚಾರ ಉದ್ದವಾದಷ್ಟೂ ಇದೇ ಅಗ್ಗ. ವಿಮಾನ ನಿಲ್ದಾಣದ ಅಂಗಡಿ ದಾಟಿ ಊರೊಳಗೆ ಕೊಂಡರೆ ಸಾಮಾನ್ಯವಾಗಿ ಇನ್ನೂ ಅಗ್ಗ. ಆದರೆ ಫೋನು ಲಾಕ್ ಆಗಿರಬಾರದು. ಅಮೆರಿಕದಲ್ಲಿ ಕಂತಿನ ಮೇಲೆ ಕೊಂಡ ಫೋನುಗಳು ಕಂತು ತೀರುವ ತನಕ ಒಂದೇ ಕಂಪನಿಗೆ ಪತಿವ್ರತೆಯಾಗಿರುವುದು ವಾಡಿಕೆ. ಮಗ ಪ್ರೀತಿಯಿಂದ ಕಳಿಸಿದ ಹಳೆ ಫೋನಿನ ಜಾತಕವನ್ನು ಮೊದಲೇ ನೋಡಿಸತಕ್ಕದ್ದು.

ವಿಶಿಷ್ಟಾದ್ವೈತಿಯ ಮತ: ಶರೀರ ಒಂದು, ಒಳಗೆ ಎರಡು. ಊರಿನ ಸಿಮ್ ಇದ್ದಲ್ಲೇ ಇರಲಿ, ಇ-ಸಿಮ್ ಎಂಬ ಅಮೂರ್ತ ಸಿಮ್ಮನ್ನು ಕ್ಯೂಆರ್ ಕೋಡಿನಿಂದ ಒಳಕ್ಕೆ ಆವಾಹಿಸಿಕೊ. ಇದಕ್ಕೆ ದ್ವೈತಿ ಎತ್ತುವ ಆಕ್ಷೇಪ ಏನೆಂದರೆ, ಕೈಯಲ್ಲಿ ಹಿಡಿಯಲಾಗದ್ದನ್ನು ನಂಬುವುದು ಹೇಗೆ? ಉತ್ತರ: 2022ರ ಐಫೋನ್ 14ರಿಂದ ಅಮೆರಿಕದಲ್ಲಿ ಮಾರುವ ಐಫೋನುಗಳಿಗೆ ಸಿಮ್ ತೂರಿಸುವ ಕಿಂಡಿಯೇ ಇಲ್ಲ. ಅಂಥ ಫೋನು ಕೈಗೆ ಬಂದವರು ಊರಿನ ಸಿಮ್ಮನ್ನೂ ಊರಲ್ಲಿದ್ದಾಗಲೇ ಇ-ಸಿಮ್ ಮಾಡಿಸಿಕೊಳ್ಳಬೇಕು. ಅಲ್ಲಿ ಹೋದ ಮೇಲೆ ಬೆರಳ ತುದಿಯ ಸಿಮ್ಮನ್ನು ಹಿಡಿದು ಫೋನಿನ ಸುತ್ತ ಪ್ರದಕ್ಷಿಣೆ ಹಾಕಿದರೆ ಫಲವಿಲ್ಲ.

ದೋಷತ್ರಯ

ಯಾವ ಲಕ್ಷಣಕ್ಕೂ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷ ತಗಲಬಹುದೆಂದು ತಾರ್ಕಿಕರು ಹೇಳುತ್ತಾರೆ. ರೋಮಿಂಗ್ ಪ್ಯಾಕ್ ನೋಡಿಯೇ ಹೇಳಿದಂತಿದೆ.

ಅವ್ಯಾಪ್ತಿ: ಬೇಕಾದಲ್ಲಿಗೆ ಮುಟ್ಟದಿರುವುದು. ಐರೋಪ್ಯ ಒಕ್ಕೂಟ 2007ರಲ್ಲಿ ತನ್ನೊಳಗಿನ ರೋಮಿಂಗ್ ದರಕ್ಕೆ ಕಡಿವಾಣ ಹಾಕಿತು. 2017ರ ಜೂನ್ 15ರಿಂದ ಅಲ್ಲಿನವರಿಗೆ ಒಕ್ಕೂಟದೊಳಗೆ ಹೆಚ್ಚುವರಿ ದರವನ್ನೇ ತೆಗೆಯಿತು. ಪ್ಯಾರಿಸ್ಸಿನಲ್ಲಿ ಕೊಂಡ ಸಿಮ್ ರೋಮಿನಲ್ಲೂ ನಡೆಯುವುದು ಇದರಿಂದ. ಆದರೆ ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿಲ್ಲ. ಹಿಮದಲ್ಲಿ ಸೀರೆಯ ಮೇಲೆ ಜಾಕೆಟ್ ತೊಟ್ಟು ನಿಂತು ಊರಿಗೆಲ್ಲ ವಿಡಿಯೋ ಕಾಲ್ ಮಾಡಬೇಕೆಂದು ಮೈಸೂರಿನಿಂದಲೇ ಸಂಕಲ್ಪ ಮಾಡಿಕೊಂಡು ಬಂದ ಯುಂಗ್‌ಫ್ರಾವ್ ಬೆಟ್ಟದಲ್ಲೇ ಪ್ಯಾಕ್ ಕೈಕೊಡುವ ಸಂಭವವಿದೆ. ಆದಕಾರಣ ದೇಶಗಳ ಪಟ್ಟಿಯನ್ನು ಪೂರ್ತಿ ಓದಬೇಕು. ‘ಯುರೋಪ್’ ಎಂಬ ಶಬ್ದವನ್ನು ನಂಬಬಾರದು.

ಅತಿವ್ಯಾಪ್ತಿ: ಬೇಡದಲ್ಲಿಗೂ ಮುಟ್ಟುವುದು. ನಯಾಗರದಲ್ಲಿ ನದಿಯ ಈಚೆ ದಡ ಅಮೆರಿಕ, ಆಚೆ ದಡ ಕೆನಡಾ. ಈಚೆ ನಿಂತ ಫೋನಿಗೆ ಆಚೆಯ ಟವರು ಚೆನ್ನಾಗಿ ಕೇಳಿಸಿದರೆ ಅದು ಯಾರನ್ನೂ ಕೇಳದೆ ಆಚೆ ಹೋಗಿಬಿಡುತ್ತದೆ. ತಾಯಿ ಕನ್ನಡಕ ಏರಿಸಿ ಮೆಸೇಜ್ ಓದುತ್ತಾರೆ:

“ಲೋ, ಕೆನಡಾಗೆ ಸ್ವಾಗತ ಅಂತ ಬಂದಿದೆ ಕಣೋ.”

“ಮೊದ್ಲು ಆಫ್ ಮಾಡಮ್ಮ ಅದನ್ನ!”

“ನಮ್ಮ ಹತ್ರ ಕೆನಡಾ ವೀಸಾನೇ ಇಲ್ವಲ್ಲೋ, ಅದು ಹೆಂಗೋ ಹೋಯ್ತು?”

ಪರಿಹಾರ: ಗಡಿಯ ಬಳಿ ನೆಟ್‌ವರ್ಕನ್ನು ಫೋನಿನ ಇಚ್ಛೆಗೆ ಬಿಡದೆ ನಾವೇ ಆರಿಸಿ ಕೂರಿಸುವುದು. ವಿಮಾನ, ಹಡಗುಗಳಲ್ಲಿ ಉಪಗ್ರಹದ ಮೂಲಕ ನಡೆಯುವ ಪ್ರತ್ಯೇಕ ನೆಟ್‌ವರ್ಕ್ ಇರುವುದುಂಟು. ಅದು ಸಾಮಾನ್ಯ ಪ್ಯಾಕಿಗೆ ಸೇರುವುದಿಲ್ಲ. ಅಲ್ಲಿ ಏರೋಪ್ಲೇನ್ ಮೋಡ್ ಸುರಕ್ಷತೆಗೆಷ್ಟೋ ಬ್ಯಾಂಕ್ ಖಾತೆಗೂ ಅಷ್ಟೇ ಹಿತ.

ಅಸಂಭವ: ಎಲ್ಲಿಯೂ ಇಲ್ಲದಿರುವುದು. ಉದಾಹರಣೆಗೆ ‘ಅನ್‌ಲಿಮಿಟೆಡ್’. ದಿನಕ್ಕೆ ಇಂತಿಷ್ಟು ಮುಗಿದ ಮೇಲೆ ವೇಗ ಎತ್ತಿನಗಾಡಿಯದಾಗುತ್ತದೆ ಎಂಬ ಸಾಲು ಸಣ್ಣಕ್ಷರದಲ್ಲಿರುತ್ತದೆ. ‘ದಿನ’ ಎಂದರೆ ಭಾರತದ ಮಧ್ಯರಾತ್ರಿಯಿಂದಲೋ, ಪ್ಯಾಕ್ ಶುರುವಾದ ಗಳಿಗೆಯಿಂದಲೋ ಎಂಬುದೂ ಅಲ್ಲೇ ಇರುತ್ತದೆ. ಪಂಚಾಂಗ ನೋಡುವ ಶ್ರದ್ಧೆಯಿಂದ ಇದನ್ನು ನೋಡಬೇಕು.

ಒಟಿಪಿ ಪ್ರಕರಣ

ಇಷ್ಟಾದರೂ ಊರಿನ ಸಿಮ್ಮನ್ನೇ ಬಿಟ್ಟುಬಿಡಬಾರದೇ ಎಂದರೆ, ಬಿಡಲಾಗದು. ಅದರ ಹೊಟ್ಟೆಯಲ್ಲಿ ಒಟಿಪಿ ಇದೆ. ಇಲ್ಲಿ ನ್ಯಾಯಶಾಸ್ತ್ರದ ಚಕ್ರಕ ದೋಷ ಸಾಕ್ಷಾತ್ತಾಗಿ ಕಾಣುತ್ತದೆ. ರೋಮಿಂಗ್ ಇಲ್ಲದೆ ಇಳಿದವನು ಪ್ಯಾಕ್ ಕೊಳ್ಳಬೇಕು. ಕೊಳ್ಳಲು ಕಾರ್ಡ್ ಬೇಕು. ಕಾರ್ಡಿಗೆ ಒಟಿಪಿ ಬೇಕು. ಒಟಿಪಿಗೆ ನೆಟ್‌ವರ್ಕ್ ಬೇಕು. ನೆಟ್‌ವರ್ಕಿಗೆ ಪ್ಯಾಕ್ ಬೇಕು. ಈ ಸುಳಿಯಿಂದ ಹೊರಬರುವ ಬಾಗಿಲು ಕೆಂಪೇಗೌಡ ವಿಮಾನ ನಿಲ್ದಾಣದ ಈಚೆಗೆ ಮಾತ್ರ ಇದೆ: ಹೊರಡುವ ಮುನ್ನವೇ ಆ ಸಿಮ್ಮಿಗೆ ಅಂತಾರಾಷ್ಟ್ರೀಯ ರೋಮಿಂಗ್ ಸೇವೆ ತೆರೆಸುವುದು. ತೆರೆಸಿಟ್ಟ ಸಿಮ್ಮಿಗೆ ಬರುವ ಎಸ್ಎಂಎಸ್‌ಗೆ ಸಾಮಾನ್ಯವಾಗಿ ಕಾಸಿಲ್ಲ. ನಿಮ್ಮ ಪ್ಲಾನಿನಲ್ಲೂ ಹಾಗೇ ಎಂದು ಕೇಳಿ ಖಚಿತಮಾಡಿಕೊಳ್ಳಿ.

ನಂಬರನ್ನು ಜೀವಂತ ಇಡುವುದೂ ಮುಖ್ಯ. 90 ದಿನ ಬಳಸದೆ ಬಿಟ್ಟ ಪ್ರೀಪೇಯ್ಡ್ ನಂಬರು ಕೈತಪ್ಪಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಮುರಿದುಕೊಂಡು ಉಳಿಸಬೇಕೆಂದು 2013ರಲ್ಲಿ ಟೆಲಿಕಾಂ ನಿಯಂತ್ರಕ ಟ್ರಾಯ್ ನಿಯಮ ಮಾಡಿದೆ. ಅದನ್ನು ನಂಬಿ ಕೂರುವುದಕ್ಕಿಂತ ವ್ಯಾಲಿಡಿಟಿ ರೀಚಾರ್ಜ್ ಮಾಡಿಸಿ ಹೋಗುವುದು ಮೇಲು. ನಂಬರು ಇನ್ನೊಬ್ಬರ ಪಾಲಾದರೆ ನಿಮ್ಮ ಪಿಂಚಣಿಯ ಮೆಸೇಜುಗಳಿಗೆ ಅವರು ಸಂತೋಷಪಡುತ್ತಾರೆ.

ಸಿದ್ಧಾಂತ

ಸೂತ್ರ: ನಾಮ ಸ್ವದೇಶೇ, ಕರ್ಮ ವಿದೇಶೇ.

ಫೋನಿಗೆ ನಾಮ ಮತ್ತು ಕರ್ಮ ಎಂದು ಎರಡುಂಟು. ನಾಮ ಎಂದರೆ ನಂಬರು, ಅದು ಊರಿನದೇ ಇರಲಿ. ಕರ್ಮ ಎಂದರೆ ಡೇಟಾ, ಅದನ್ನು ಇದ್ದ ದೇಶದಲ್ಲೇ ಕೊಳ್ಳಬೇಕು. ಇವೆರಡನ್ನು ಒಂದೇ ಸಿಮ್ಮಿಗೆ ಹೊರಿಸಿದ್ದೇ ಸಕಲ ದುಃಖಕ್ಕೆ ಮೂಲ. ಬೇರೆ ಮಾಡಿದರೆ ಊರಿನ ಸಿಮ್ ಹಳ್ಳಿಯ ಜಗಲಿಯ ಮೇಲಿನ ಅಜ್ಜನಂತೆ ಬಂದದ್ದನ್ನು ಕೇಳಿಸಿಕೊಂಡು ಸುಮ್ಮನಿರುತ್ತದೆ.

ಪ್ರಯೋಗವಿಧಿ ಹೀಗೆ. ಹೊರಡುವ ಮುನ್ನಾದಿನ ಶುಚಿಯಾಗಿ ಕುಳಿತು ##002# ಎಂಬ ಮಂತ್ರವನ್ನು ಒತ್ತಿ ಕರೆಯ ಗುಂಡಿ ಮುಟ್ಟಬೇಕು, ಫಾರ್ವರ್ಡುಗಳೆಲ್ಲ ರದ್ದಾಗುತ್ತವೆ. ಸಂಪರ್ಕಗಳನ್ನೆಲ್ಲ +91ರೊಡನೆ ಬರೆದುಕೊಳ್ಳಬೇಕು. ಬೇಕಾದ ಊರುಗಳ ನಕ್ಷೆಯನ್ನು ಮನೆಯ ವೈ-ಫೈನಲ್ಲೇ ಇಳಿಸಿಕೊಳ್ಳಬೇಕು. ಊರಿನ ಸಿಮ್ಮಿನ ಡೇಟಾ ರೋಮಿಂಗ್ ಬಂದ್. ಡೇಟಾಕ್ಕೆ ಹೊಸ ಸಿಮ್. ಒಂದರಲ್ಲಿ ಸಿಗ್ನಲ್ ಇಲ್ಲದಾಗ ಇನ್ನೊಂದರ ಡೇಟಾಕ್ಕೆ ತಾನೇ ಜಿಗಿಯುವ ಸೌಕರ್ಯವೊಂದು ಫೋನಿನಲ್ಲಿರುತ್ತದೆ. ಅದನ್ನೂ ಬಂದ್ ಮಾಡಬೇಕು. ಫೋಟೋ ಬ್ಯಾಕಪ್, ಆ್ಯಪ್‌ಗಳ ಅಪ್‌ಡೇಟ್ ವೈ-ಫೈಗೆ ಮಾತ್ರ. ಹೊಸ ಸಿಮ್ ಕಂಡ ವಾಟ್ಸ್ಯಾಪ್ ‘ನಂಬರ್ ಬದಲಿಸಲೇ?’ ಎಂದರೆ ಬೇಡ ಎನ್ನಬೇಕು. ಹಳೆ ನಂಬರಿನಲ್ಲೇ ಅದು ನಡೆಯುತ್ತದೆ.

ದೇಶಧರ್ಮಕ್ಕೂ ಮಾನ್ಯತೆಯುಂಟು. ದುಬೈಯ ಸಿಮ್ಮಿನಲ್ಲಿ ಡೇಟಾ ಇದ್ದರೂ ವಾಟ್ಸ್ಯಾಪ್ ಕರೆಗೆ ನಿರ್ಬಂಧ. ಮೆಸೇಜು ಹೋಗುತ್ತದೆ, ಮಾತು ಹೋಗುವುದಿಲ್ಲ. ಮಂಗಳೂರಿನ ಹುಡುಗ ಅಮ್ಮನಿಗೆ ಇದನ್ನು ವಿಮಾನ ಹತ್ತುವ ಮೊದಲೇ ಹೇಳತಕ್ಕದ್ದು. ಇಲ್ಲವಾದರೆ ಮಗ ಫೋನ್ ಮಾಡುವುದಿಲ್ಲವೆಂಬ ಅಪವಾದ ಪ್ಯಾಕ್ ಹಾಕಿದರೂ ಹೋಗದು.

ಫಲಶ್ರುತಿ

ಈ ಮೀಮಾಂಸೆಯನ್ನು ಹೊರಡುವುದಕ್ಕೆ ವಾರ ಮೊದಲು ಓದಿದವನಿಗೆ ಬಿಲ್ಲಿನ ಭಯವಿಲ್ಲ. ವಿಮಾನ ನಿಲ್ದಾಣದ ಕ್ಯೂನಲ್ಲಿ ಓದಿದವನಿಗೆ ಅರ್ಧ ಫಲ. ಪರದೇಶದಲ್ಲಿ ಇಳಿದ ಮೇಲೆ ರೋಮಿಂಗ್ ಡೇಟಾದಲ್ಲಿ ಓದಿದವನಿಗೆ ಓದಿದ್ದಕ್ಕೂ ಬಿಲ್ಲುಂಟು. ಬಿಲ್ಲು ಬಂದ ಮೇಲೆ ಓದಿದವನಿಗೆ ಕೇವಲ ಸಾಹಿತ್ಯಾನಂದ.