ಅರವತ್ತಕ್ಕೆ ಅಂಬು

ನಮ್ಮ ದುದ್ದದ ಕಡೆ ಕೆಲಸದಿಂದ ನಿವೃತ್ತರಾದವರು ತೆಂಗಿನ ಸಸಿ ನೆಡುತ್ತಾರೆ, ಇಲ್ಲವೇ ಸೊಸೈಟಿ ಚುನಾವಣೆಗೆ ನಿಲ್ಲುತ್ತಾರೆ. ಎರಡರಲ್ಲೂ ಫಲ ತಡ, ಆದರೆ ಮನೆಯವರಿಗೆ ಪ್ರಾಣಭಯವಿಲ್ಲ. ನಮ್ಮ ಮೇಷ್ಟ್ರು ಎರಡನ್ನೂ ಬಿಟ್ಟು ಬಿಲ್ಲು ಹಿಡಿದಿದ್ದಾರೆ. ಕ್ರೀಡೆಗೆ ಅಂದುಕೊಂಡಿರೇನೋ. ಅಲ್ಲ ಸ್ವಾಮಿ, ಬೇಟೆಗೆ! ಅವರ ಆಲೂಗಡ್ಡೆ ಹೊಲಕ್ಕೆ ಹಂದಿ ನುಗ್ಗಿ ಸಾಲು ಸಾಲೇ ಉತ್ತು ಹೋಗಿದೆ. ಬಿತ್ತನೆಗೆ ಮುಂಚೆ ಟ್ರ್ಯಾಕ್ಟರಿನವನು ಅಷ್ಟು ನೀಟಾಗಿ ಉತ್ತಿರಲಿಲ್ಲವಂತೆ.

ಇದಕ್ಕೆಲ್ಲ ಮೂಲ ಮೊಬೈಲು. ಅಮೆರಿಕದ ಯಾರೋ ಎಲೆ ಬಣ್ಣದ ಅಂಗಿ ತೊಟ್ಟು, ಮರದ ಮೇಲೆ ಅಟ್ಟಣೆ ಕಟ್ಟಿ, ಉಸಿರು ಬಿಗಿಹಿಡಿದು ಜಿಂಕೆಗೆ ಬಾಣ ಬಿಡುವುದನ್ನು ರಾತ್ರಿಯೆಲ್ಲ ನೋಡಿದ್ದಾರೆ. 'ಅಟ್ಟಣೆ ಕಟ್ಟೋದನ್ನ ನಮಗೆ ಹೇಳಿಕೊಡಬೇಕೇನಯ್ಯ? ನಮ್ಮಪ್ಪ ಜೋಳ ಕಾಯೋಕೆ ಅಟ್ಟಣೆ ಮೇಲೇ ಅರ್ಧ ಆಯುಸ್ಸು ಕಳೆದ' ಅಂತ ಎದೆ ತಟ್ಟಿಕೊಂಡರು. ಅವರಪ್ಪ ಅಟ್ಟಣೆ ಮೇಲೆ ಬಾರಿಸುತ್ತಿದ್ದದ್ದು ಡಬ್ಬ. ಅದನ್ನು ಜ್ಞಾಪಿಸಿದರೆ ಮುಖ ಸಿಂಡರಿಸುತ್ತಾರೆ.

'ಮೇಷ್ಟ್ರೇ, ಅಮೆರಿಕದಲ್ಲಿ ಲೈಸೆನ್ಸ್ ತಗೊಂಡರೆ ಬಿಲ್ಲುಬೇಟೆ ಆಡಬಹುದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, 9ನೇ ಕಲಮು ಬೇಟೆ ಕೂಡದು ಅನ್ನುತ್ತೆ, ಹಂದಿಯೂ ಅದರೊಳಗೇ ಬರುತ್ತೆ' ಅಂದೆ. 'ನಾನು ಹೊಡೆದರೂ ತಗಲೋದಿಲ್ಲ ಬಿಡು' ಅಂತ ನಕ್ಕರು. ಅಲ್ಲೇ ಇರೋದು ತಮಾಷೆ. ಆ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ. ಬಲೆ ಒಡ್ಡುವುದು, ಅಟ್ಟಿಕೊಂಡು ಹೋಗುವುದು, ಆಮಿಷ ಇಡುವುದು, ಇವುಗಳಲ್ಲಿ ಯಾವುದಕ್ಕೆ ಪ್ರಯತ್ನಪಟ್ಟರೂ ಬೇಟೆಯೇ. ಗುರಿ ತಪ್ಪಿದವನಿಗೆ ರಿಯಾಯಿತಿ ಇಲ್ಲ. ಪ್ರಪಂಚದಲ್ಲಿ ಮೇಷ್ಟ್ರ ಬಿಲ್ಲುಗಾರಿಕೆಯನ್ನು ಅರ್ಜುನನ ಬಿಲ್ಲುಗಾರಿಕೆಗೆ ಸಮ ಅಂತ ಒಪ್ಪಿಕೊಳ್ಳುವ ಒಂದೇ ಒಂದು ಗ್ರಂಥ ಈ ಕಾಯ್ದೆ.

ಅರ್ಜುನ ಅಂದದ್ದೇ ತಪ್ಪಾಯಿತು, ಮೇಷ್ಟ್ರು ಕಿರಾತಾರ್ಜುನ ಪ್ರಸಂಗ ತೆಗೆದರು. ಹಂದಿ ರೂಪದ ಮೂಕಾಸುರನಿಗೆ ಅರ್ಜುನನೂ ಬಾಣ ಬಿಟ್ಟ, ಬೇಡನಾಗಿ ಬಂದ ಶಿವನೂ ಬಿಟ್ಟ, ಹಂದಿ ಯಾರದೆಂದು ಜಗಳ ಹತ್ತಿ ಕೈಕೈ ಮಿಲಾಯಿಸಿ, ಕೊನೆಗೆ ಪಾಶುಪತಾಸ್ತ್ರವೇ ಸಿಕ್ಕಿತು. 'ನೋಡು, ಹಂದಿಬೇಟೆಯಿಂದ ದೇವರೇ ಒಲಿದ' ಅಂದರು. ಹೌದು ಸ್ವಾಮಿ, ಆದರೆ ಈಗ ಅದೇ ವ್ಯಾಜ್ಯ ನಡೆದರೆ ತೀರ್ಪಿಗೆ ಇಷ್ಟು ಹೊತ್ತು ಬೇಡ. ಕಾಯ್ದೆಯ 39ನೇ ಕಲಮಿನ ಪ್ರಕಾರ ಹಾಗೆ ಬಿದ್ದ ಹಂದಿ ಅರ್ಜುನನದೂ ಅಲ್ಲ, ಶಿವನದೂ ಅಲ್ಲ, ರಾಜ್ಯ ಸರ್ಕಾರದ ಸ್ವತ್ತು. ಜಪ್ತಿಯಾದ ಆಯುಧವೂ ಸರ್ಕಾರಕ್ಕೇ. ಗಾಂಡೀವಕ್ಕೆ ಅರಣ್ಯ ಇಲಾಖೆಯವರು ಚೀಟಿ ಅಂಟಿಸಿ ಗೋದಾಮಿಗೆ ಹಾಕುತ್ತಿದ್ದರು. ಆಮೇಲೆ ಕುರುಕ್ಷೇತ್ರಕ್ಕೆ ದಿನ ಗೊತ್ತು ಮಾಡುವ ಮುಂಚೆ ಕೋರ್ಟಿನ ದಿನ ನೋಡಿಕೊಳ್ಳಬೇಕಿತ್ತು.

ಅದೇ ಕಾಯ್ದೆಯ 11ನೇ ಕಲಮಿನಲ್ಲಿ ಒಂದು ಕಿಂಡಿ ಇರುವುದೂ ನಿಜ. ನಿಂತ ಬೆಳೆಗೆ ಅಪಾಯ ಮಾಡುವ ಪ್ರಾಣಿಯ ಬಗ್ಗೆ ಮುಖ್ಯ ವನ್ಯಜೀವಿ ಪರಿಪಾಲಕರೋ ಅಧಿಕಾರ ಪಡೆದವರೋ ಕಾರಣ ಬರೆದು ಅಪ್ಪಣೆ ಕೊಡಬಹುದು. ಅರ್ಜಿ ಬರೆಯೋಣ ಬನ್ನಿ ಅಂತ ಕೂತೆವು. ಆಯುಧ: ಬಿಲ್ಲು. ಅನುಭವ: ಹುಲ್ಲಿನ ಹೊರೆಗೆ ಬಾಣ ಬಿಟ್ಟದ್ದು. ಮುಂದಕ್ಕೆ ಪೆನ್ನು ಓಡಲಿಲ್ಲ.

'ಇದು ಬೇಟೆಯ ನೆಲ ಕಣಯ್ಯ' ಅನ್ನುವುದು ಅವರ ಮುಂದಿನ ವಾದ. ಇದಕ್ಕೆ ನಾನು ತಲೆಬಾಗುತ್ತೇನೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿ ಮದನಿಕೆ ಇದ್ದಾಳೆ. ಅಷ್ಟು ಒಡವೆ ಹೇರಿಕೊಂಡು ಯಾವ ಕಾಡಿಗೆ ಹೋಗುತ್ತಿದ್ದಳೋ, ಗೆಜ್ಜೆ ಸದ್ದಿಗೇ ಮೃಗಗಳೆಲ್ಲ ಸಕಲೇಶಪುರ ದಾಟಿರಬೇಕು. ಆದರೂ 900 ವರ್ಷದಿಂದ ಭುಜ ನೋವು ಅಂದಿಲ್ಲ. ಮಂಡ್ಯದ ಕಡೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಶಾಸನದ ಕಥೆ ನನಗೆ ಇನ್ನೂ ಇಷ್ಟ. ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲಂ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಏನು ಬೇಕು ಕೇಳು ಅಂದರೆ, ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನುವ ನಾಯಿ ಕೇಳಿದ. ಆ ಕಾಳಿ ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಸುಮಾರು 949-50ರ ಮಾತು. ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಇವತ್ತಿಗೂ ಕಚ್ಚಾಡುತ್ತಿವೆ. ಗಮನಿಸಿ, ಹಂದಿ ಹೊಡೆದ ಕೀರ್ತಿ ಹೋದದ್ದು ನಾಯಿಗೆ. ಮೇಷ್ಟ್ರ ಮನೆ ನಾಯಿ ಹಂದಿ ಬಂದ ರಾತ್ರಿ ಜಗುಲಿ ಕೆಳಗಿಂದ ಈಚೆ ಬರಲಿಲ್ಲ. ಅದಕ್ಕೂ ಕಾಯ್ದೆ ಗೊತ್ತಿರಬಹುದು.

ವಯಸ್ಸಿನ ಮಾತಿಗೆ ಬರೋಣ. ಮೇಷ್ಟ್ರನ್ನು ಹುರಿದುಂಬಿಸಲು ನಾನೇ ಹುಡುಕಿ ಹೇಳಿದೆ: 1904ರ ಸೇಂಟ್ ಲೂಯಿ ಒಲಿಂಪಿಕ್ಸ್‌ನಲ್ಲಿ 64ರ ಗೇಲನ್ ಸ್ಪೆನ್ಸರ್ ಬಿಲ್ಲುಗಾರಿಕೆಯ ತಂಡದಲ್ಲಿ ಚಿನ್ನ ಗೆದ್ದರು, 68ರ ಸ್ಯಾಮ್ಯುಯೆಲ್ ಡುವಾಲ್ ಬೆಳ್ಳಿ ಗೆದ್ದರು. ಮೇಷ್ಟ್ರು ಆ ದಿನವೆಲ್ಲ ಊರಿಗೆ ಸಾರಿದರು. ಆ ಸ್ಪರ್ಧೆಗೆ ಅಮೆರಿಕದವರು ಬಿಟ್ಟು ಬೇರೆ ಯಾವ ದೇಶದವರೂ ಬಂದಿರಲಿಲ್ಲ ಅನ್ನುವ ಭಾಗವನ್ನು ಮಾರನೇ ದಿನಕ್ಕೆ ಇಟ್ಟುಕೊಂಡಿದ್ದೆ. ಸ್ಯಾನ್ ಫ್ರಾನ್ಸಿಸ್ಕೋದ ಸರ್ಜನ್ ಸ್ಯಾಕ್ಸ್ಟನ್ ಪೋಪ್ ಕೂಡ ಎಳೆಯನೇನಲ್ಲ; ನಲವತ್ತರ ಹತ್ತಿರ, ಯಾಹಿ ಬುಡಕಟ್ಟಿನ ಇಶಿಯ ಹತ್ತಿರ ಬಿಲ್ಲು ಕಲಿತು 1923ರಲ್ಲಿ ಬೇಟೆಯ ಪುಸ್ತಕವನ್ನೇ ಬರೆದ. ಗುರು ಸಿಕ್ಕಿದ್ದ, ಕಲಿತ. ನಮ್ಮ ಮೇಷ್ಟ್ರಿಗೆ ಮೊಬೈಲೇ ದ್ರೋಣ. ಹೆಬ್ಬೆರಳು ಕೇಳದಿದ್ದರೂ ದಿನಾ ಡೇಟಾ ಕೇಳುತ್ತೆ.

ಬಿಲ್ಲಿನ ಬಿಗುವನ್ನು ಪೌಂಡಿನಲ್ಲಿ ಅಳೆಯುತ್ತಾರೆ. ಬೇಟೆಯವರು 60, 70 ಪೌಂಡಿನ ಬಿಲ್ಲು ಎಳೆಯುತ್ತಾರೆ; ಹೊಸಬರು, ಅದರಲ್ಲೂ ವಯಸ್ಸಾದವರು, 20-25ರಲ್ಲಿ ಶುರು ಮಾಡಬೇಕು. 60 ಪೌಂಡ್ ಅಂದರೆ 27 ಕಿಲೋ, ಅರ್ಧ ಮೂಟೆ ಆಲೂಗಡ್ಡೆಯನ್ನು ಮೂರು ಬೆರಳಲ್ಲಿ ಗಲ್ಲದ ತನಕ ಎಳೆದು ಹಿಡಿದ ಹಾಗೆ. ಇದಕ್ಕೆ ಉಪಾಯವಾಗಿ ಮಿಸೌರಿಯ ಹೋಲೆಸ್ ವಿಲ್ಬರ್ ಅಲೆನ್ ರಾಟೆ ಜೋಡಿಸಿದ ಕಾಂಪೌಂಡ್ ಬಿಲ್ಲು ಮಾಡಿ 1969ರಲ್ಲಿ ಪೇಟೆಂಟ್ ಪಡೆದ. ಈಗಿನ ಒಳ್ಳೆಯ ಕಾಂಪೌಂಡುಗಳಲ್ಲಿ ಪೂರ್ತಿ ಎಳೆದ ಮೇಲೆ 60ರಲ್ಲಿ ಹತ್ತು ಹನ್ನೆರಡು ಪೌಂಡಷ್ಟೇ ಕೈಮೇಲೆ ಉಳಿಯುತ್ತದೆ. ಅದರ ಬೆಲೆ ಕೇಳಿದ ಮೇಲೆ ಮೇಷ್ಟ್ರಿಗೆ ಬಿದಿರಿನ ಬಿಲ್ಲಿನ ಮೇಲೆ ದೇಶಾಭಿಮಾನ ಉಕ್ಕಿತು. ಒಳ್ಳೆಯದೇ ಆಯಿತು. ನಮ್ಮ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಬಿದಿರಿನ ಬಿಲ್ಲಿಗೇ ಇಂಡಿಯನ್ ರೌಂಡ್ ಅಂತ ಪ್ರತ್ಯೇಕ ವಿಭಾಗವಿದೆ, 50 ಮತ್ತು 30 ಮೀಟರು.

ಅಷ್ಟು ದೂರ ಯಾಕೆ, ಮೂರು ಮಾರು ದೂರದ ಹೊರೆಗೇ ಹೊಡೆದು ಕಲಿಯಬೇಕು, ಗುರಿ ಗಿರಿ ಏನೂ ಬೇಡ, ಕೈ ಬೆನ್ನು ಭುಜ ಹದಕ್ಕೆ ಬರಲಿ ಅನ್ನುವುದು ಎಲ್ಲ ತರಬೇತುದಾರರ ಮಾತು. ಮೇಷ್ಟ್ರು ಪಾಠ ಹೇಳಿ ಬಂದವರು, ಪಾಠ ಕೇಳುವ ಅಭ್ಯಾಸ ತಪ್ಪಿದೆ. ಮೊದಲ ದಿನವೇ ಹೆದೆ ಮುಂಗೈಗೆ ಬಡಿದು ಬಾಸುಂಡೆ ಎದ್ದಿತು. ಮುಂಗೈ ಪಟ್ಟಿ ಕಟ್ಟಿಕೊಳ್ಳಿ ಅಂದಿದ್ದೆ. 'ಹಂದಿಗೆ ಬೀಳಬೇಕಾದ್ದು ಇವರಿಗೇ ಬಿತ್ತು' ಅಂತ ಮನೆಯವರು ಅರಿಶಿನ ಹಚ್ಚಿದರು. ಕನ್ನಡಕದ ಗೋಳು ಬೇರೆ. ಎರಡು ನೋಟದ ಗಾಜು. ಮೇಲಿನಿಂದ ನೋಡಿದರೆ ಹೊರೆ ಕಾಣುತ್ತೆ, ಬಾಣದ ಮೊನೆ ಇಲ್ಲ. ಕೆಳಗಿನಿಂದ ನೋಡಿದರೆ ಮೊನೆ ಇದೆ, ಹೊರೆ ಮಾಯ. ಹೀಗಾಗಿ ಬಾಣ ಬಿಡುವ ತನಕ ತಲೆ ಮೇಲೆ ಕೆಳಗೆ ಆಡಿಸುತ್ತಲೇ ಇರುತ್ತಾರೆ. ದಾರಿಯಲ್ಲಿ ಹೋಗುವವರು ತಮ್ಮನ್ನೇ ಕರೆಯುತ್ತಿದ್ದಾರೆಂದು ಒಳಗೆ ಬಂದುಬಿಡುತ್ತಾರೆ.

ಈಗ ಬೇಟೆಯ ಮಾತು ನಿಂತಿದೆ. ಕೊಡಗಿನವರು ಕೈಲ್ ಪೊಳ್ದ್ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇಡುತ್ತಾರಲ್ಲ, ನೀವೂ ಕಾಯಿಗೆ ಬಾಣ ಹೊಡೆಯಿರಿ, ತೆಂಗಿನಕಾಯಿ ಆ ಕಾಯ್ದೆಯ ಯಾವ ಷೆಡ್ಯೂಲಿನಲ್ಲೂ ಇಲ್ಲ ಅಂದೆ, ಒಪ್ಪಿದರು. ಹಂದಿ ತಿಂದ ಬೆಳೆಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ, ಅದಕ್ಕೆ ಬೇರೆ ಅರ್ಜಿ ಹಾಕಿದ್ದೇವೆ. ಹೊಲಕ್ಕೆ ಮತ್ತೆ ಡಬ್ಬ ಕಟ್ಟಿದ್ದಾರೆ. ನನ್ನ ಕೇಳಿದರೆ, ಬಿಲ್ಲಿಗಿಂತ ಡಬ್ಬದ ಮೇಲೆ ಅವರಿಗೆ ಹಿಡಿತ ಚೆನ್ನಾಗಿದೆ.

ನೀವು ದುದ್ದಕ್ಕೆ ಬಂದರೆ ಮೇಷ್ಟ್ರನ್ನು ಖಂಡಿತ ನೋಡಿಕೊಂಡು ಹೋಗಿ. ಹಿತ್ತಲ ಕಡೆಯಿಂದ ಮಾತ್ರ ಬರಬೇಡಿ, ಮುಂಬಾಗಿಲಿಗೇ ಬನ್ನಿ, ಬರುವ ಮುಂಚೆ ಒಂದು ಫೋನು ಮಾಡಿ.