ಸೂರ್ಯಸ್ವಾಮ್ಯ ಮೀಮಾಂಸೆ: ಮಾದಾಪುರದ ತಾರಸಿಗಳನ್ನು ಕುರಿತ ಶಾಸ್ತ್ರವಿಚಾರ

ಬಿಸಿಲು ಬಡವ ಬಲ್ಲಿದರೆಂಬ ಭೇದವಿಲ್ಲದೆ ಎಲ್ಲರ ಮೇಲೂ ಬೀಳುತ್ತದೆಂಬುದು ಪ್ರಾಚೀನರ ಮತ. ಆ ಪ್ರಾಚೀನರಲ್ಲಿ ಯಾರೂ ಹೈದರಾಬಾದಿನ ಮಾದಾಪುರದಲ್ಲಿ ಮೂರನೇ ಮಹಡಿಯ ಬಾಡಿಗೆ ಫ್ಲ್ಯಾಟಿನಲ್ಲಿ ಇರಲಿಲ್ಲವಾದ್ದರಿಂದ ಈ ಮತವನ್ನು ಪುನಃ ಪರೀಕ್ಷಿಸಬೇಕಾಗಿದೆ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟೇ: ಸೌರ ಸಬ್ಸಿಡಿ ಹುಟ್ಟುವುದು ಸೂರ್ಯನಿಂದಲ್ಲ, ತಾರಸಿಯಿಂದ. ಪರೀಕ್ಷಾಕ್ಷೇತ್ರವಾಗಿ ಮಾದಾಪುರವನ್ನೇ ಆರಿಸಿದ್ದಕ್ಕೆ ಕಾರಣವುಂಟು. 1998ರಲ್ಲಿ ಇಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದ ಮೇಲೆ ಬಂಡೆಗಳಿದ್ದ ಕಡೆ ಗಾಜು ಎದ್ದಿತು. ಬಿಸಿಲನ್ನು ಗಾಜಿನ ಮೂಲಕ ಒಳಗೆ ಬರಮಾಡಿಕೊಳ್ಳುವುದು, ಬಂದ ಮೇಲೆ ಏಸಿ ಹಾಕಿ ಹೊರಗಟ್ಟುವುದು, ಇದು ಈ ಕ್ಷೇತ್ರದ ನಿತ್ಯಕರ್ಮ. ಅದೇ ಬಿಸಿಲು ತಾರಸಿಯ ಮೇಲೆ ಬಿದ್ದರೆ ಸರ್ಕಾರ ದುಡ್ಡು ಕೊಡುತ್ತದೆ. ಪಶ್ಚಿಮದ ಕಿಟಕಿಯಿಂದ ನುಗ್ಗಿದರೆ ಕರೆಂಟ್ ಬಿಲ್ ಬರುತ್ತದೆ. ಕಿರಣ ಒಂದೇ, ಫಲ ಎರಡು. ಆದ್ದರಿಂದ ಪುಣ್ಯಪಾಪಗಳು ಕಿರಣದಲ್ಲಿಲ್ಲ, ಅದು ಬಿದ್ದ ಜಾಗದಲ್ಲಿವೆ ಎಂದು ಪ್ರಾಥಮಿಕವಾಗಿ ಸಿದ್ಧವಾಯಿತು.

ಇನ್ನು ಶಬ್ದಪ್ರಮಾಣ. 2024ರ ಫೆಬ್ರವರಿ 13ರಂದು ಘೋಷಣೆಯಾದ ಪಿಎಂ ಸೂರ್ಯಘರ್ ಯೋಜನೆ ಒಂದು ಕೋಟಿ ಮನೆಗಳಿಗೆ ಸೌರ ವಿದ್ಯುತ್ ಕೊಡುವ ಸಂಕಲ್ಪ ಮಾಡಿ 75,021 ಕೋಟಿ ರೂಪಾಯಿ ಎತ್ತಿಟ್ಟಿದೆ. ಅದರ ಪ್ರಕಾರ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಅಲ್ಲಿಂದ ಮುಂದೆ ಎಷ್ಟೇ ಫಲಕ ಹಾಕಿದರೂ ಸಬ್ಸಿಡಿ 78,000ಕ್ಕೆ ನಿಲ್ಲುತ್ತದೆ. ಅಂದರೆ ಮೂರು ಕಿಲೋವ್ಯಾಟ್‌ವರೆಗಿನ ಸೂರ್ಯನೇ ಸತ್ಯ, ಅದರಾಚೆಯ ಸೂರ್ಯ ಖಜಾನೆಯ ದೃಷ್ಟಿಯಲ್ಲಿ ಮಿಥ್ಯೆ. ಅರ್ಜಿದಾರನಿಗೆ ಬೇಕಾದ ಲಕ್ಷಣಗಳನ್ನೂ ಗಮನಿಸಬೇಕು. ಸ್ವಂತ ಮನೆಯಿರಬೇಕು, ಫಲಕ ಕೂರಿಸಲು ತಕ್ಕ ಛಾವಣಿಯಿರಬೇಕು, ವಿದ್ಯುತ್ ಸಂಪರ್ಕವಿರಬೇಕು, ಹಣ ಬಂದು ಬೀಳಲು ಬ್ಯಾಂಕ್ ಖಾತೆ ಬೇಕು, ಫಲಕದ ಕೋಶಗಳು ಸ್ವದೇಶದಲ್ಲೇ ತಯಾರಾಗಿರಬೇಕು. ನಿಮ್ಮ ಕಡೆ ಸೂರ್ಯ ಹುಟ್ಟುತ್ತಾನೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹತ್ತು ಕಿಲೋವ್ಯಾಟ್‌ವರೆಗಿನ ಅರ್ಜಿಗಳನ್ನು ತಾಂತ್ರಿಕ ಅಧ್ಯಯನವಿಲ್ಲದೆಯೇ ಒಪ್ಪಿದಂತೆ ಭಾವಿಸಬೇಕೆಂದು 2024ರ ನಿಯಮ ತಿದ್ದುಪಡಿ ಹೇಳಿತು. ಸೂರ್ಯನ ವಿಷಯದಲ್ಲಿ ಇಷ್ಟು ನಂಬಿಕೆಯಿಟ್ಟ ಸರ್ಕಾರ ಛಾವಣಿಯ ಒಡೆತನದ ವಿಷಯದಲ್ಲಿ ಅಂಥ ಉದಾರತೆ ತೋರಿಲ್ಲವೆಂಬುದೇ ನಮ್ಮ ಪ್ರತಿಜ್ಞೆಗೆ ಪುಷ್ಟಿ.

ಗಣಿತಪ್ರಮಾಣ ಇನ್ನೂ ಕಟುವಾಗಿದೆ. ಒಂದು ಕಿಲೋವ್ಯಾಟ್‌ಗೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ಅದು ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಮಹಡಿಗೆ ನಾಲ್ಕರಂತೆ ಐದು ಮಹಡಿಯಲ್ಲಿ ಇಪ್ಪತ್ತು ಫ್ಲ್ಯಾಟುಗಳಿವೆ ಎಂದಿಟ್ಟುಕೊಳ್ಳೋಣ. ಮನೆಗೆ ಮೂರು ಕಿಲೋವ್ಯಾಟ್‌ನಂತೆ 6,000 ಚದರಡಿ ಬೇಕಾಗುತ್ತದೆ. ಫ್ಲ್ಯಾಟೊಂದು 1,200 ಚದರಡಿಯಾದರೆ ತಾರಸಿ 4,800ರ ಆಸುಪಾಸು. ಅದರಲ್ಲಿ ನೀರಿನ ಟ್ಯಾಂಕು, ಲಿಫ್ಟಿನ ಕೋಣೆ, ಡಿಶ್ ಆಂಟೆನಾ, ಸಂಡಿಗೆ ಒಣಹಾಕುವ ಪೂರ್ವಾರ್ಜಿತ ಹಕ್ಕು, ಇವೆಲ್ಲ ಕಳೆಯಬೇಕು. ಮೂವತ್ತು ಮಹಡಿಯಾದರೆ ತಾರಸಿ ಅಷ್ಟೇ, ಪಾಲುದಾರರು ಆರು ಪಟ್ಟು. ಇದರಿಂದ ಈ ಪ್ರಬಂಧದ ಮೂಲಸೂತ್ರ ದೊರೆಯುತ್ತದೆ: ಮನುಷ್ಯ ಸೂರ್ಯನಿಗೆ ಹತ್ತಿರವಾಗುತ್ತ ಏರಿದಷ್ಟೂ ಸೂರ್ಯನ ಮೇಲಿನ ಅವನ ಹಕ್ಕು ಇಳಿಯುತ್ತದೆ.

ಈಗ ಅನುಮಾನಪ್ರಮಾಣದಿಂದ ಫಲಾನುಭವಿ ಯಾರೆಂದು ನಿರ್ಣಯಿಸೋಣ. ಸೂರ್ಯಘರ್ ಘೋಷಣೆಯಾದ ಹದಿನಾಲ್ಕು ದಿನಕ್ಕೆ, ಅಂದರೆ ಫೆಬ್ರವರಿ 27ರಂದು, ತೆಲಂಗಾಣ ಸರ್ಕಾರ ಗೃಹಜ್ಯೋತಿ ಆರಂಭಿಸಿತು. ಬಿಳಿ ರೇಷನ್ ಕಾರ್ಡಿನವರಿಗೆ ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ ಸೊನ್ನೆ. ಸೊನ್ನೆ ಬಿಲ್ ಬರುವವನಿಗೆ ಸೂರ್ಯನಿಂದ ಉಳಿಸಲು ಏನೂ ಉಳಿದಿಲ್ಲ. ಬಾಡಿಗೆದಾರನಿಗೆ ಬಿಲ್ ಉಂಟು, ಬಿಸಿಲೂ ಉಂಟು, ತಾರಸಿ ಇಲ್ಲ. ಉಳಿದವನು ಸ್ವಂತ ಬಂಗಲೆಯ ಮಾಲೀಕ. ಇವನ ಭಾಗ್ಯ ತ್ರಿವಿಧ. ತೆಲಂಗಾಣದ ದರಪಟ್ಟಿಯಲ್ಲಿ 200 ದಾಟಿದ ಯೂನಿಟ್ಟಿಗೆ 7.70 ರೂಪಾಯಿ, 400 ದಾಟಿದ್ದಕ್ಕೆ 9.50. ತಾರಸಿಯಲ್ಲಿ ಹುಟ್ಟಿದ ಯೂನಿಟ್ಟನ್ನು ಬಿಲ್ಲಿನಿಂದ ಕಳೆಯುವ ನೆಟ್ ಮೀಟರಿಂಗ್‌ನಲ್ಲಿ ಸೂರ್ಯ ಕಡಿದುಹಾಕುವುದು ಬಿಲ್ಲಿನ ಈ ದುಬಾರಿ ತುದಿಯನ್ನೇ. ಹಾಗಾಗಿ ಹೆಚ್ಚು ಏಸಿ ಓಡಿಸುವವನ ತಾರಸಿಯ ಮೇಲೆ ಬಿದ್ದ ಬಿಸಿಲಿಗೆ ಹೆಚ್ಚು ಬೆಲೆ, ಮಿತವಾಗಿ ಬಳಸುವವನ ಬಿಸಿಲಿಗೆ ಕಡಿಮೆ. ಹಗಲು ಹೆಚ್ಚಾದದ್ದನ್ನು ಗ್ರಿಡ್ಡಿಗೆ ಬಿಟ್ಟು ರಾತ್ರಿ ಬಳಸಿಕೊಳ್ಳುವ ಸೌಕರ್ಯ ಎರಡನೆಯ ಭಾಗ್ಯ. ಮೂರನೆಯದು ಮುಂಗಡ ಬಂಡವಾಳ, ಏಕೆಂದರೆ ಸಬ್ಸಿಡಿ ಬರುವುದು ಫಲಕ ಕೂರಿಸಿ ತಪಾಸಣೆ ಮುಗಿದ ಮೇಲೆ.

ಪೂರ್ವಪಕ್ಷಿಗಳು ಸುಮ್ಮನಿರುವವರಲ್ಲ. ಅಪಾರ್ಟ್‌ಮೆಂಟ್ ಸಂಘಗಳಿಗೂ ಕಿಲೋವ್ಯಾಟ್‌ಗೆ 18,000 ರೂಪಾಯಿಯಂತೆ 500 ಕಿಲೋವ್ಯಾಟ್‌ವರೆಗೆ ನೆರವುಂಟಲ್ಲ ಎಂದು ಒಬ್ಬರ ಆಕ್ಷೇಪ. ಉಂಟು, ಆದರೆ ಅದು ಸಾಮಾನ್ಯ ಸೌಲಭ್ಯಗಳಿಗೆ. ಸೂರ್ಯ ಲಿಫ್ಟ್ ಎಳೆಯುತ್ತಾನೆ, ಪಂಪ್ ತಿರುಗಿಸುತ್ತಾನೆ, ಮೆಟ್ಟಿಲ ದೀಪ ಹಚ್ಚುತ್ತಾನೆ, ನಿಮ್ಮ ಬಾಗಿಲಿಗೆ ಬಂದು ಚಪ್ಪಲಿ ಬಿಡುವ ಜಾಗದಲ್ಲೇ ನಿಲ್ಲುತ್ತಾನೆ. ಇದರಿಂದ ಮೆಂಟೆನೆನ್ಸ್ ಇಳಿಯುವುದಿಲ್ಲವೇ ಎಂದರೆ, ಇಳಿದ ಮೆಂಟೆನೆನ್ಸ್‌ನ ಉಲ್ಲೇಖ ಈವರೆಗೆ ಯಾವ ಶಿಲಾಶಾಸನದಲ್ಲೂ ಸಿಕ್ಕಿಲ್ಲ. ಬ್ಯಾಂಕುಗಳು ಅಡಮಾನವಿಲ್ಲದೆ ಸಾಲ ಕೊಡುತ್ತವೆಂದು ಇನ್ನೊಬ್ಬರು ಹೇಳುತ್ತಾರೆ. ಬ್ಯಾಂಕು ಸಾಲ ಕೊಟ್ಟೀತು, ತಾರಸಿ ಕೊಡದು. 1956ರವರೆಗೆ ಇದೇ ಹೈದರಾಬಾದಿನ ಆಳ್ವಿಕೆಯಲ್ಲಿದ್ದ ಬೀದರ್, ರಾಯಚೂರು, ಕಲಬುರಗಿಯ ಅಭಿಮಾನಿಗಳು ಮೂರನೆಯ ಆಕ್ಷೇಪ ಎತ್ತಬಹುದು: ನಮ್ಮ ಕರ್ನಾಟಕದಲ್ಲಿ ಸೋಲಾರ್ ವಾಟರ್ ಹೀಟರ್ ಇದ್ದ ಮನೆಗೆ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿ ಕೊಡುವ ಸಂಪ್ರದಾಯವಿಲ್ಲವೇ? ಸಂಪ್ರದಾಯ ವಂದನೀಯ. ಆದರೆ ಹೀಟರ್ ಕೂಡ ತಾರಸಿಯ ಮೇಲೆಯೇ ಕೂರುತ್ತದೆ. ಗಡಿ ದಾಟಿದರೂ ಸಿದ್ಧಾಂತ ಕೆಡಲಿಲ್ಲ.

ನಾಲ್ಕನೆಯ ಆಕ್ಷೇಪ ಮಾತ್ರ ಸಿದ್ಧಾಂತವನ್ನು ನಿಜಕ್ಕೂ ಅಲ್ಲಾಡಿಸುತ್ತದೆ. ದೆಹಲಿಯ ವಿದ್ಯುತ್ ನಿಯಂತ್ರಣ ಆಯೋಗ 2019ರಲ್ಲೇ ವರ್ಚುವಲ್ ನೆಟ್ ಮೀಟರಿಂಗ್ ಎಂಬ ಮಾರ್ಗ ತೋರಿತು. ಫಲಕ ಎಲ್ಲೋ ಒಂದು ಕಡೆ ಇರುತ್ತದೆ; ಅದರಲ್ಲಿ ಪಾಲು ಹಾಕಿದವರ ಬಿಲ್ಲಿನಲ್ಲಿ ಅವರವರ ಯೂನಿಟ್ ಕಳೆಯುತ್ತದೆ. ಇಲ್ಲಿ ಸೂರ್ಯ ತಾರಸಿಯನ್ನು ಬಿಟ್ಟು ಮೀಟರಿಗೆ ಅಂಟಿಕೊಳ್ಳುತ್ತಾನೆ. ಮಾದಾಪುರದ ಬಾಡಿಗೆ ಮನೆಯ ಮೀಟರು ಸಾಮಾನ್ಯವಾಗಿ ಮಾಲೀಕರ ಹೆಸರಿನಲ್ಲೇ ಇರುತ್ತದೆಂಬುದು ನಿಜ. ಆದರೆ ಬಿಲ್ ಕಟ್ಟುವವನು ಬಾಡಿಗೆದಾರ. ಇಳಿದದ್ದು ಅವನಿಗೇ ಇಳಿಯುತ್ತದೆ. ತಾರಸಿಯಿಂದಲೇ ಸಬ್ಸಿಡಿ ಎಂಬ ನಮ್ಮ ಪ್ರತಿಜ್ಞೆ ಇದರಿಂದ ಸುಳ್ಳಾಗುವುದಿಲ್ಲ. ಅದು ಪ್ರಕೃತಿನಿಯಮವಲ್ಲ, ಬರೀ ಬರವಣಿಗೆಯ ನಿಯಮ, ಹಾಗಾಗಿ ತಿದ್ದಬಹುದಾದದ್ದು ಎಂದಷ್ಟೇ ಸಾಬೀತಾಗುತ್ತದೆ. ಶಾಸ್ತ್ರಕಾರರಿಗೆ ಇದು ಸೋಲು, ಮೂರನೇ ಮಹಡಿಯವರಿಗೆ ಗೆಲುವು.

ಫಲಶ್ರುತಿ: ಈ ಪ್ರಬಂಧವನ್ನು ಶ್ರದ್ಧೆಯಿಂದ ಓದಿದ ತಾರಸಿವಂತನಿಗೆ 78,000 ರೂಪಾಯಿ ಲಭಿಸುವುದು. ಫ್ಲ್ಯಾಟಿನವನಿಗೆ ಬೆಳಗಿದ ಲಿಫ್ಟು ಲಭಿಸುವುದು. ಬಾಡಿಗೆದಾರನಿಗೆ ನಿಯಮ ತಿದ್ದುವವರೆಗೆ ಡಿ ವಿಟಮಿನ್ ಲಭಿಸುವುದು, ಅದೂ ಅಕ್ಕಪಕ್ಕದ ಗೋಪುರ ಅಡ್ಡ ಬರದಿದ್ದರೆ.