ಬಲಬದಿಯ ಟ್ರ್ಯಾಕ್ಟರಿಗೆ ದಾರಿ ಬಿಡುವವರು

ಯಲ್ಲಾಪುರದವರಿಗೆ ಈಗ ಹಳ್ಳಿ ನೋಡುವ ಆಸೆ ಹುಟ್ಟಿದೆ. ಹಳ್ಳಿ ಮಾತ್ರ ಫ್ರಾನ್ಸಿನದಾಗಬೇಕು.

ಸೋದರಮಾವನ ಮಗ, ನನಗೆ ಭಾವ, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಈ ಜುಲೈಗೆ ಸಂಸಾರ ಸಮೇತ ಹೊರಟಿದ್ದಾನೆ. ಟೂರಿನವರ ಬಸ್ಸಲ್ಲಿ ಹೋಗುವುದೆಂದರೆ ಅವನಿಗೆ ಅಲರ್ಜಿ. ಬಾಡಿಗೆ ಕಾರು, ತಾನೇ ಡ್ರೈವರು. ಪ್ರೊವಾನ್ಸಿನ ಲ್ಯಾವೆಂಡರ್ ಹೊಲ, ಬೋರ್ಡೋದ ದ್ರಾಕ್ಷಿ ತೋಟ, ನಡುವೆ ಯಾರಿಗೂ ಗೊತ್ತಿಲ್ಲದ ಪುಟ್ಟ ಹಳ್ಳಿಗಳು. ಯಾರಿಗೂ ಗೊತ್ತಿಲ್ಲದ ಆ ಹಳ್ಳಿಗಳ ಪಟ್ಟಿ ಅವನ ಆಫೀಸಿನವರೆಲ್ಲರ ಹತ್ತಿರವೂ ಇದೆ.

ತಯಾರಿ ನೋಡಬೇಕು. ಷೆಂಗೆನ್ ವೀಸಾಕ್ಕೆ 90 ಯೂರೋ. ಕನಿಷ್ಠ 30,000 ಯೂರೋ ಆಸ್ಪತ್ರೆ ಖರ್ಚಿನ ವಿಮೆ. ಶಿರಸಿಯ ಕೆಎ-31 ಲೈಸೆನ್ಸಿನ ಮೇಲೆ ಅಂತರರಾಷ್ಟ್ರೀಯ ಪರ್ಮಿಟ್ಟು. ಯಾವ ರಾತ್ರಿ ಯಾವ ಊರಲ್ಲಿ ಮಲಗುತ್ತೇನೆಂಬುದಕ್ಕೆ ಒಂದೊಂದು ಬುಕಿಂಗ್ ಚೀಟಿ. ಹಬ್ಬಕ್ಕೆ ಎಷ್ಟು ಹೊತ್ತಿಗೆ ಮುಟ್ಟುತ್ತೇನೆಂದು ಆಯಿಗೆ ಒಂದು ಫೋನ್ ಮಾಡದವನು ಫ್ರೆಂಚ್ ಸರ್ಕಾರಕ್ಕೆ ತನ್ನ ಹಾಸಿಗೆ ಲೆಕ್ಕವನ್ನೆಲ್ಲ ಒಪ್ಪಿಸಿದ್ದಾನೆ.

ಇದನ್ನೇ ಸರ್ಕಾರಿ ದುಡ್ಡಲ್ಲಿ ಮಾಡಿದರೆ ಅಧ್ಯಯನ ಪ್ರವಾಸ. ಭಾವನದು ಸ್ವಂತ ದುಡ್ಡು. ಆ ಮಟ್ಟಿಗೆ ಮರ್ಯಾದಸ್ಥ.

ಅಲ್ಲಿನ ನಿಯಮಗಳೋ, ಅವನಿಗೆ ಬಾಯಿಪಾಠ. ಎರಡೂ ಕಡೆ ವಾಹನ ಓಡಾಡುವ, ನಡುವೆ ಡಿವೈಡರ್ ಇಲ್ಲದ ಹಳ್ಳಿ ರಸ್ತೆಯಲ್ಲಿ 2018ರ ಜುಲೈನಿಂದ ವೇಗ 80 ಕಿ.ಮೀ. ಮೀರುವಂತಿಲ್ಲ. ಕೆಲವು ಜಿಲ್ಲೆಗಳು ಮತ್ತೆ 90ಕ್ಕೆ ಏರಿಸಿಕೊಂಡಿವೆ. ಯಾವುವು ಎಂದೂ ಗುರುತು ಹಾಕಿಕೊಂಡಿದ್ದಾನೆ. ದೊಡ್ಡ ಹೆದ್ದಾರಿಯಲ್ಲಿ 130, ಮಳೆ ಬಂದರೆ 110. ಕಾರಲ್ಲಿ ಹೊಳೆಯುವ ಜಾಕೆಟ್ಟು, ಕೆಂಪು ತ್ರಿಕೋನ ಇರಲೇಬೇಕು. ಊರೊಳಗೆ ಅಪಾಯವಿಲ್ಲದೆ ಹಾರ್ನ್ ಒತ್ತುವಂತಿಲ್ಲ. ಫಲಕ ಬೇರೆ ಹೇಳದಿದ್ದರೆ, ಬಲಬದಿಯ ಓಣಿಯಿಂದ ಬಂದವನಿಗೆ ಮೊದಲು ದಾರಿ.

"ಗೊಬ್ಬರದ ಟ್ರ್ಯಾಕ್ಟರ್ ಬಂದ್ರೂ ನಿಲ್ಲವು ಭಾವ. ಅಲ್ಲಿ ಶಿಸ್ತು ಹೇಳಿರೆ ಶಿಸ್ತು" ಎಂದ. ಮುಖದ ಮೇಲೆ ಭಕ್ತಿ.

ಇದೇ ಭಾವನನ್ನು ನಮ್ಮ ಅರಬೈಲ್ ಘಟ್ಟದಲ್ಲಿ ನೋಡಬೇಕು. ತಿರುವಿನಲ್ಲೇ ಟ್ಯಾಂಕರನ್ನು ಹಿಂದೆ ಹಾಕುತ್ತಾನೆ. ಒಂದು ಕೈ ಹಾರ್ನಿನ ಮೇಲೇ. ಬೆಲ್ಟನ್ನು ಬೆನ್ನ ಹಿಂದೆ ಸಿಕ್ಕಿಸಿದ್ದಾನೆ, ಇಲ್ಲದಿದ್ದರೆ ಕಾರು ಕಿರುಚುತ್ತದಲ್ಲ. ಬಾಯಲ್ಲಿ ಕವಳ. ಕಿಟಕಿ ಇಳಿಯುತ್ತದೆ, ಕವಳ ಹೊರಡುತ್ತದೆ, ಕಿಟಕಿ ಏರುತ್ತದೆ. ಹಿಂದೆ ಬರುವ ಬೈಕಿನವನ ಅಂಗಿಗೆ ವಿಮೆ ಇಲ್ಲ. ಜುಲೈ ಮಳೆಯಲ್ಲಿ ಇಲ್ಲಿ ವೇಗ ಇಳಿಸುವವನು ಹೇಡಿ. ಎದುರಿನವನಿಗೆ ದಾರಿ ಬಿಡುವವನು ದಡ್ಡ.

2025ರ ಜನವರಿ 22ರ ಬೆಳಗಿನ ಜಾವ ಇದೇ ರಸ್ತೆಯಲ್ಲಿ, ಗುಳ್ಳಾಪುರದ ಹತ್ತಿರ, ಸವಣೂರಿನ ಹಣ್ಣು ತರಕಾರಿ ವ್ಯಾಪಾರಿಗಳ ಲಾರಿ ಕಂದಕಕ್ಕೆ ಉರುಳಿತು. ಕನಿಷ್ಠ ಹತ್ತು ಜನ ಸತ್ತರು. ಇನ್ನೊಂದು ವಾಹನಕ್ಕೆ ಸೈಡ್ ಕೊಡಲು ಹೋಗಿ ಹೀಗಾಯಿತು ಎಂದರು ಪೊಲೀಸರು. ಲಾರಿಯಲ್ಲಿ ಸರಕಿನ ಜತೆ ಜನರನ್ನೂ ತುಂಬುವುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೇ ನಡೆಯುತ್ತಿತ್ತು. ಸಂತಾಪ ಸೂಚಿಸಿದವರು ಬಹಳ ಜನ. ಮರುವಾರವೇ ಘಟ್ಟದ ತಿರುವಿನಲ್ಲಿ ಓವರ್‌ಟೇಕ್ ಮಾಡಿದವರೂ ಅವರೇ.

ಅದೇ ಗುಳ್ಳಾಪುರದ ಸೇತುವೆ 2021ರ ಜುಲೈ ನೆರೆಗೆ ಕೊಚ್ಚಿಹೋಯಿತು. ಆಚೆ ದಡದ ಹಳ್ಳಿಗಳ ಸಂಪರ್ಕ ಕಡಿಯಿತು. ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ ಮಣ್ಣಾದದ್ದೂ ಅದೇ ಮಳೆಗೆ. ಭಾವನ ಪಟ್ಟಿಯಲ್ಲೂ ಒಂದು ಸೇತುವೆ ಇದೆ, ರೋಮನ್ನರು ಕಟ್ಟಿದ ಪೋಂ ದ್ಯು ಗಾರ್. ಹತ್ತಿರ ಹತ್ತಿರ ಎರಡು ಸಾವಿರ ವರ್ಷ ಹಳತು, ಇನ್ನೂ ನಿಂತಿದೆ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು, "ನಮ್ಮಲ್ಲಿ ಯಾವಾಗ ಹೀಗೆ" ಎಂದು ಕುಟುಂಬದ ಗುಂಪಿಗೆ ಹಾಕುತ್ತಾನೆ. ಕಳಚೆಯ ಕುಸಿತದ ಬಗ್ಗೆ ನಡೆದ ಸಭೆಗೆ ಕರೆದಾಗ ಅವನಿಗೆ ಮೀಟಿಂಗ್ ಇತ್ತು.

ಇನ್ನು ವಸತಿ. ಹೋಟೆಲ್ ಬೇಡವಂತೆ. ರೈತರ ಮನೆಯೇ ಆಗಬೇಕು. ಬೆಳಿಗ್ಗೆ ಮಕ್ಕಳು ಹಸು ಕರೆಯುವುದನ್ನು ನೋಡಬೇಕು. ನಿಸರ್ಗದ ಜತೆ ನಂಟು ಬೆಳೆಯಬೇಕು.

ಇದೇ ಮಕ್ಕಳು ದೀಪಾವಳಿಗೆ ಬಂದಾಗ ಕೊಟ್ಟಿಗೆಯ ಕಡೆ ಹೋಗುವುದಿಲ್ಲ. ವಾಸನೆ. ಅವರಮ್ಮ ಜಗಲಿಯಿಂದ ಅಡುಗೆಮನೆಯವರೆಗೆ ಸ್ಪ್ರೇ ಹೊಡೆದಿದ್ದಾಳೆ. ಗೋಪೂಜೆಯ ದಿನವೇ. ಇಲ್ಲಿನ ಸಗಣಿ ನಾರುತ್ತದೆ. ಅಲ್ಲಿನದು ಯೂರೋ ಕೊಟ್ಟು ಮೂಸಬೇಕಾದ ಪರಿಮಳ.

ಫ್ರೆಂಚರೂ ಈ ಪೈಕಿಯವರನ್ನು ಕಂಡು ಬೇಸತ್ತವರೇ. ಒಲೆರಾನ್ ದ್ವೀಪದಲ್ಲಿ ಮೋರಿಸ್ ಎಂಬ ಹುಂಜ ಬೆಳಿಗ್ಗೆ ಕೂಗುತ್ತದೆಂದು ರಜೆಗೆ ಬರುವ ನೆರೆಮನೆಯವರು ಕೋರ್ಟಿಗೆ ಹೋಗಿದ್ದರು. 2019ರಲ್ಲಿ ಹುಂಜವೇ ಗೆದ್ದಿತು. 2021ರ ಜನವರಿಯಲ್ಲಿ ಹಳ್ಳಿಯ ಸದ್ದು, ವಾಸನೆಗಳೂ ನಾಡಿನ ಪರಂಪರೆ ಎಂದು ಅಲ್ಲಿನ ಸಂಸತ್ತು ಕಾನೂನನ್ನೇ ಮಾಡಿತು. ನಮ್ಮ ಕೊಟ್ಟಿಗೆಗಳಿಗೆ ಅಂಥ ಪುಣ್ಯವಿಲ್ಲ. ಮುಂದಿನ ಸಲ ಬರುವಷ್ಟರಲ್ಲಿ ಆಕಳು ಮಾರಿಬಿಡಿ ಎಂದು ಸೊಸೆ ಹೇಳಿ ಹೋಗಿದ್ದಾಳೆ.

ಅದೆಲ್ಲ ಇರಲಿ. ನನ್ನ ತಲೆ ನಿಜಕ್ಕೂ ಕೆಟ್ಟದ್ದು ಬೋರ್ಡೋ ಹೆಸರು ಕೇಳಿ.

ಮೂರು ದಿನ ಬೋರ್ಡೋದಲ್ಲಿ ವೈನ್ ರುಚಿ ನೋಡುತ್ತಾರಂತೆ. ಆ ಊರಿನ ಹೆಸರನ್ನು ಭಾವ ತೊಟ್ಟಿಲಿನಿಂದಲೇ ಕೇಳಿದ್ದಾನೆ. ಅವನ ಫೀಸು ಕಟ್ಟಿದ್ದು ಅದು. ಮೈಲುತುತ್ತು ಒಂದು ಕೆ.ಜಿ., ಸುಣ್ಣ ಒಂದು ಕೆ.ಜಿ., ನೀರು ನೂರು ಲೀಟರು. ಮಾವ ಐವತ್ತು ಮಳೆಗಾಲ ಕಲಸಿ ಅಡಿಕೆಗೆ ಹೊಡೆಸಿದ ಬೋರ್ಡೋ ಮದ್ದು. ಅದು ಆ ಊರಿನದೇ. ಅಲ್ಲಿನ ಮೆಡಾಕ್ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯಬಾರದೆಂದು ರೈತರು ರಸ್ತೆ ಬದಿಯ ಬಳ್ಳಿಗೆ ತುತ್ತ, ಸುಣ್ಣ ಎರಚುತ್ತಿದ್ದರು. ಎರಚಿದ ಬಳ್ಳಿಗೆ ರೋಗ ಬರಲಿಲ್ಲ. ಅದನ್ನು ಗಮನಿಸಿದವರು ಪ್ರೊಫೆಸರ್ ಮಿಲಾರ್ಡೆ. 1885ರಲ್ಲಿ ಪ್ರಕಟಿಸಿದರು. ಮುಂದೆ ಮೈಸೂರು ಸರ್ಕಾರದ ವಿಜ್ಞಾನಿ, ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನೇ ಅಡಿಕೆಯ ಕೊಳೆರೋಗಕ್ಕೆ ಹಿಡಿದರು. ಅದಕ್ಕೂ ಮುಂಚೆ ಅಡಿಕೆಯ ಕೊನೆಗೆ ಕೊಟ್ಟೆ ಕಟ್ಟಿ ದೇವರ ಮೇಲೆ ಭಾರ ಹಾಕುವುದಿತ್ತು.

ಭಾವನ ಪ್ರವಾಸದ ಪಟ್ಟಿಯಲ್ಲಿ ಮಿಲಾರ್ಡೆ ಇಲ್ಲ. ವೈನಿನ ಜತೆ ಯಾವ ಚೀಸ್ ತಿನ್ನಬೇಕೆಂಬುದಿದೆ.

ಲ್ಯಾವೆಂಡರ್ ಅರಳುವುದು ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ. ನಮ್ಮಲ್ಲಿ ಎರಡನೇ ಮದ್ದು ಹೊಡೆಯುವುದೂ ಆಗಲೇ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಸಿಗುವುದಿಲ್ಲ. ಸಿಕ್ಕಿದ ದಿನ ಮಳೆ ಬಿಡುವುದಿಲ್ಲ. ಮಳೆ ಬಿಟ್ಟ ದಿನ ಅವನು ಇನ್ನೊಬ್ಬರ ತೋಟದಲ್ಲಿ. ಮಾವ ಎಪ್ಪತ್ತು ದಾಟಿದ ಮೇಲೂ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಡ್ರಮ್ಮಿನ ಪಕ್ಕ ನಿಂತು ನೀಲಿ ನೀರು ಕದಡುತ್ತಾರೆ. ಮಗ ಮೊನ್ನೆ ಬಂದವನು ಉಪದೇಶ ಮಾಡಿ ಹೋದ: "ಈ ವಯಸ್ಸಲ್ಲಿ ಇದೆಲ್ಲ ಎಂಥಕ್ಕೆ ಅಪ್ಪಯ್ಯ, ತೋಟ ಕೊಟ್ಟು ಬೆಂಗಳೂರಿಗೆ ಬಾ."

ಮತ್ತೆ ನಾಲ್ಕೇ ದಿನಕ್ಕೆ ಫೋನು. ತೋಟದ ಪಹಣಿ ಬೇಕಂತೆ, ಅರ್ಜೆಂಟು.

ವೀಸಾ ಅರ್ಜಿಗೆ. ಪ್ರವಾಸ ಮುಗಿದ ಮೇಲೆ ಈತ ಮರಳಿ ಬಂದೇ ಬರುತ್ತಾನೆಂದು ಫ್ರೆಂಚರಿಗೆ ನಂಬಿಕೆ ಬರಬೇಕಲ್ಲ. ಊರಲ್ಲಿ ಬೇರು ಇದೆಯೆಂದು ತೋರಿಸಲು ಆಸ್ತಿಯ ಕಾಗದ ಇದ್ದರೆ ಒಳ್ಳೆಯದು. ಪಹಣಿಯಲ್ಲಿ ಅಪ್ಪನ ಜತೆ ಮಗನ ಹೆಸರೂ ಇದೆ. ಮಾವ ಮದ್ದಿನ ಕೆಲಸ ಬಿಟ್ಟು, ಬಸ್ಸು ಹಿಡಿದು ಪೇಟೆಗೆ ಹೋಗಿ, ಸರತಿಯಲ್ಲಿ ನಿಂತು ಪಹಣಿ ತೆಗೆಸಿ ಕೊರಿಯರ್ ಮಾಡಿದರು.

ವೀಸಾ ಬಂತು. ಇವನು ಮರಳುತ್ತಾನೆಂದು ಫ್ರೆಂಚ್ ಅಧಿಕಾರಿ ನಂಬಿದ್ದಾನೆ. ಮಾವ ನಂಬಿಲ್ಲ. ಮುಂದಿನ ವರ್ಷ ತೋಟವನ್ನು ಗೇಣಿಗೆ ವಹಿಸಿಕೊಳ್ಳುವವರು ಯಾರಾದರೂ ಇದ್ದರೆ ಹೇಳು ಎಂದು ನಿನ್ನೆ ನನ್ನನ್ನು ಕೇಳಿದರು.